ಜೇಬಿನ ಫೋನು, ಕೊನೆಯ ಬೆಂಚಿನ ಹುಡುಗ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಶಿಕ್ಷಕರಿಗಾಗಿ ಏರ್ಪಡಿಸಿದ್ದ ಒಂದು ದಿನದ ಕಾರ್ಯಾಗಾರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಈ ಕೊಠಡಿಯಲ್ಲಿ ಕರಿಹಲಗೆಯ ಕಡೆ ನಿಂತು ಮಾತಾಡುವುದು ನನಗೆ ಸ್ವಲ್ಪ ಕಷ್ಟ. ಇದು ನಮ್ಮ ಹತ್ತನೇ ತರಗತಿ. ಆ ಕಿಟಕಿಯ ಪಕ್ಕ, ಕೊನೆಯಿಂದ ಎರಡನೇ ಬೆಂಚು ನನ್ನದು. 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು ಈಗ ನಿಮಗೆ ತಂತ್ರಜ್ಞಾನ ಹೇಳಿಕೊಡಬೇಕಂತೆ. ಗುರುಗಳು ಮುಂದೆ ಕೂತಿದ್ದಾರೆ, ತಪ್ಪಾದರೆ ತಿದ್ದುತ್ತಾರೆ ಎಂಬ ಧೈರ್ಯದಿಂದ ಶುರು ಮಾಡುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಆರು ವರ್ಷದ ಹಿಂದೆ ನಮ್ಮ ಬ್ಯಾಚಿನವರು ಚಂದಾ ಎತ್ತಿ ಶಾಲೆಗೆ ಒಂದು ಪ್ರೊಜೆಕ್ಟರ್ ಕೊಟ್ಟೆವು. ಶಾಲು ಹೊದಿಸಿಕೊಂಡೆವು, ಫೋಟೊ ತೆಗೆಸಿಕೊಂಡೆವು, ಗ್ರೂಪಿಗೆ ಹಾಕಿಕೊಂಡೆವು. ಹೋದ ತಿಂಗಳು ಈ ಕಾರ್ಯಕ್ರಮದ ವಿಚಾರಕ್ಕೆ ಬಂದಾಗ ಅದು ಎಲ್ಲಿದೆ ಎಂದು ಕೇಳಿದೆ. ಬೀರು ತೆಗೆದು ತೋರಿಸಿದರು. ತನ್ನ ಚೀಲದಲ್ಲೇ ಅಚ್ಚುಕಟ್ಟಾಗಿ ಕೂತಿತ್ತು. ಎರಡನೇ ವರ್ಷಕ್ಕೇ ಅದರ ದೀಪ ಹೋಗಿತ್ತಂತೆ. ಹೊಸ ದೀಪದ ಬೆಲೆ ಕೇಳಿದ ಮೇಷ್ಟ್ರು ಸುಮ್ಮನಾಗಿಬಿಟ್ಟಿದ್ದರು. ಕೊಟ್ಟವರ ಹತ್ತಿರ ಮತ್ತೆ ಕೇಳುವುದಕ್ಕೆ ಅವರಿಗೆ ಸಂಕೋಚ. ಕೊಟ್ಟ ನಾವೋ, ಹೇಗಿದೆ ಎಂದು ಒಂದು ಸಲವೂ ವಿಚಾರಿಸಲಿಲ್ಲ. ತಪ್ಪು ಪೂರ್ತಿ ನಮ್ಮದು. ದೀಪ ಹೋದರೆ ಏನು, ಕರೆಂಟು ಹೋದರೆ ಏನು, ಯಾವ ಪಾಠಕ್ಕೆ ಇದು ಬೇಕು, ಇದನ್ನೆಲ್ಲ ಯೋಚಿಸದೆ ಒಂದು ಪೆಟ್ಟಿಗೆ ತಂದು ಇಟ್ಟು ಹೋದೆವು.

ಹಾಗಾಗಿ ಇವತ್ತು ನಾನು ಏನನ್ನೂ ಕೊಳ್ಳಿ ಎಂದು ಹೇಳುವುದಿಲ್ಲ. ನಿಮ್ಮ ಜೇಬಿನಲ್ಲಿ, ವ್ಯಾನಿಟಿ ಬ್ಯಾಗಿನಲ್ಲಿ ಈಗಾಗಲೇ ಇರುವ ಫೋನಿನಿಂದ ಏನಾಗುತ್ತದೋ ಅಷ್ಟನ್ನೇ ಹೇಳುತ್ತೇನೆ. ಉಚಿತ ಎಂಬ ಮಾತೂ ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತು. ಫೋನು ನಿಮ್ಮದು, ಡೇಟಾ ನಿಮ್ಮದು, ರಾತ್ರಿ ನಿದ್ದೆಯೂ ನಿಮ್ಮದೇ. ಅದಕ್ಕೇ ನಿಮ್ಮ ಸಮಯ ತಿನ್ನುವಂಥದ್ದನ್ನು ಬಿಟ್ಟು, ಸಮಯ ಉಳಿಸುವಂಥದ್ದನ್ನು, ಇಲ್ಲವೇ ಬೇರೆ ದಾರಿಯಿಲ್ಲದೆ ತಿಳಿಯದೆ ಹೋಗುವ ಸಂಗತಿಯನ್ನು ತಿಳಿಸುವಂಥದ್ದನ್ನು ಆರಿಸಿಕೊಂಡು ಬಂದಿದ್ದೇನೆ.

ತಿಳಿಯದೆ ಹೋಗುವ ಸಂಗತಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನನ್ನ ಬೆಂಚಿನಲ್ಲಿ ನನ್ನ ಜೊತೆ ಮೂರು ವರ್ಷ ಕೂತಿದ್ದ ಗೆಳೆಯನೊಬ್ಬ ಗಣಿತದಲ್ಲಿ ಫೇಲಾಗಿ ಅಲ್ಲಿಗೇ ಓದು ಬಿಟ್ಟ. ದಡ್ಡನಲ್ಲ. ತೆಂಗಿನಕಾಯಿ ವ್ಯಾಪಾರದಲ್ಲಿ ಸಾವಿರ ಕಾಯಿಗೆ ಎಷ್ಟು, ಸುಲಿದರೆ ಎಷ್ಟು, ಬಾಡಿಗೆ ಕಳೆದರೆ ಎಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ, ಈಗಲೂ ಹಾಕುತ್ತಾನೆ. ಆದರೆ ಹಲಗೆಯ ಮೇಲೆ ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆಯುತ್ತಿದ್ದ. ಎಂಟನೇ ತರಗತಿಯಲ್ಲೂ ಹಾಗೇ, ಹತ್ತರಲ್ಲೂ ಹಾಗೇ. ಮೇಷ್ಟ್ರು ಕ್ಲಾಸಿನಲ್ಲಿ "ಅರ್ಥ ಆಯ್ತೇನ್ರೋ?" ಎಂದು ಕೇಳಿದಾಗ ನಾವೆಲ್ಲ ಒಟ್ಟಾಗಿ "ಆಯ್ತು ಸಾರ್" ಎನ್ನುತ್ತಿದ್ದೆವು. ಅವನ ದನಿಯೇ ಎಲ್ಲಕ್ಕಿಂತ ಜೋರು. ಅರವತ್ತು ಮಕ್ಕಳ ತರಗತಿಯಲ್ಲಿ ಆ ಒಂದು ದನಿಯ ಹಿಂದೆ ಏನಿದೆ ಎಂದು ಮೇಷ್ಟ್ರಿಗೆ ಹೇಗೆ ತಿಳಿಯಬೇಕು? ಪಕ್ಕದಲ್ಲೇ ಕೂತ ನನಗೆ ತಿಳಿದಿತ್ತು. ನಾನೂ ಹೇಳಲಿಲ್ಲ.

ಇದಕ್ಕೆ ಇಂದು ಒಂದು ಸರಳ ಉಪಾಯವಿದೆ. ಹೆಸರು ಪ್ಲಿಕರ್ಸ್. ಮಕ್ಕಳ ಹತ್ತಿರ ಫೋನು ಬೇಡ, ಕಂಪ್ಯೂಟರೂ ಬೇಡ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಅದರ ಮೇಲೆ ಕಪ್ಪು ಬಿಳುಪು ಚೌಕಗಳ ಒಂದು ಆಕಾರ ಇರುತ್ತದೆ, ಒಬ್ಬೊಬ್ಬರ ಕಾರ್ಡಿನದು ಒಂದೊಂದು ಥರ. ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಎಂದು ಬರೆದಿರುತ್ತದೆ. ನೀವು ಹಲಗೆಯ ಮೇಲೆ ಪ್ರಶ್ನೆ ಬರೆದು ನಾಲ್ಕು ಉತ್ತರ ಕೊಡುತ್ತೀರಿ. ಮಗು ತನಗೆ ಸರಿ ಕಂಡ ಅಕ್ಷರ ಮೇಲೆ ಬರುವಂತೆ ಕಾರ್ಡು ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನವಾಗಿ ಆಡಿಸಿದರೆ ಸಾಕು, ಯಾರು ಯಾವ ಉತ್ತರ ಹಿಡಿದಿದ್ದಾರೆ ಎಂದು ಪರದೆಯ ಮೇಲೆ ಬರುತ್ತದೆ. ಪಕ್ಕದವನ ಆಕಾರವೇ ಬೇರೆಯಾದ್ದರಿಂದ ಕದ್ದು ನೋಡಿ ಪ್ರಯೋಜನವಿಲ್ಲ. ಯಾರು ತಪ್ಪು ಹಿಡಿದರು ಎಂಬುದು ನಿಮಗೆ ಮಾತ್ರ ಗೊತ್ತು, ತರಗತಿಗೆ ಗೊತ್ತಾಗುವುದಿಲ್ಲ. ಕೈ ಎತ್ತಲು ಹೆದರುವ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ.

ಕಾರ್ಡುಗಳನ್ನು ಅವರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಸಾಮಾನ್ಯ ಕಟ್ಟಿನಲ್ಲಿ 40 ಇರುತ್ತವೆ. ಉಚಿತ ಖಾತೆಗೆ ಕೆಲವು ಮಿತಿಗಳಿವೆ, ಆದರೆ ದಿನಕ್ಕೆ ಎರಡು ಮೂರು ಪ್ರಶ್ನೆ ಕೇಳುವವರಿಗೆ ಅವು ಅಡ್ಡ ಬರುವುದಿಲ್ಲ. ಪ್ರಶ್ನೆಯನ್ನು ಫೋನಿನಲ್ಲಿ ಪೂರ್ತಿ ಟೈಪು ಮಾಡುವ ಗೋಜೂ ಬೇಡ. "ಪ್ರಶ್ನೆ 1" ಎಂದಷ್ಟೇ ಹಾಕಿ, ಸರಿಯುತ್ತರದ ಅಕ್ಷರ ಗುರುತು ಮಾಡಿ, ಪ್ರಶ್ನೆಯನ್ನು ಸೀಮೆಸುಣ್ಣದಲ್ಲೇ ಬರೆಯಿರಿ. ಒಂದೆರಡು ಅನುಭವದ ಮಾತು: ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಬೆಳಕು ಹೊಡೆದು ಕ್ಯಾಮೆರಾಗೆ ಕಾಣುವುದಿಲ್ಲ. ನಾನು ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ಅಂಟಿಸಿದ್ದೇನೆ, ಗಟ್ಟಿಯಾಗಿವೆ. ನಮ್ಮ ಕಡೆ ಲಗ್ನಪತ್ರಿಕೆಗೇನು ಬರವೇ? ಮಕ್ಕಳ ಬೆರಳು ಕಪ್ಪು ಚೌಕದ ಮೇಲೆ ಬರದಂತೆ ಅಂಚು ಹಿಡಿಯಲು ಹೇಳಿ. ಮೊದಲ ದಿನ ಗಲಾಟೆ ಆಗುತ್ತದೆ, ಎರಡನೇ ವಾರಕ್ಕೆ ಅಭ್ಯಾಸವಾಗುತ್ತದೆ.

ಮುಖ್ಯವಾದದ್ದು ನಾಲ್ಕು ಉತ್ತರಗಳನ್ನು ಆರಿಸುವ ಜಾಣತನ, ಅದು ನಿಮ್ಮದೇ. ಆಪ್ ಅದನ್ನು ಮಾಡಿಕೊಡುವುದಿಲ್ಲ. ಸುಮ್ಮನೆ ಯಾವುದೋ ಮೂರು ತಪ್ಪು ಸಂಖ್ಯೆ ಹಾಕಿದರೆ ಯಾರು ತಪ್ಪು ಮಾಡಿದರು ಎಂದಷ್ಟೇ ತಿಳಿಯುತ್ತದೆ. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನೇ ಹಾಕಿದರೆ ಏಕೆ ತಪ್ಪು ಮಾಡಿದರು ಎಂಬುದೂ ತಿಳಿಯುತ್ತದೆ. ಐದನೇ ಎರಡು ಹಿಡಿದವನಿಗೆ ಭಿನ್ನರಾಶಿಯ ಕೂಡುವಿಕೆಯೇ ಬಂದಿಲ್ಲ. ಆರನೇ ಎರಡು ಎಂದವನಿಗೆ ಛೇದ ಸಮ ಮಾಡಬೇಕು ಎಂದು ಗೊತ್ತಿದೆ, ಅಂಶವನ್ನು ಬದಲಿಸಲು ಮರೆತಿದ್ದಾನೆ. ಇಬ್ಬರಿಗೂ ಒಂದೇ ಪಾಠ ಮತ್ತೆ ಹೇಳಿದರೆ ಉಪಯೋಗವಿಲ್ಲ. ಈ ತಪ್ಪುಗಳ ಪಟ್ಟಿ ಇಪ್ಪತ್ತು ವರ್ಷ ಪಾಠ ಮಾಡಿದವರ ತಲೆಯಲ್ಲಿರುತ್ತದೆ, ನನ್ನಂಥ ಎಂಜಿನಿಯರನ ತಲೆಯಲ್ಲಿ ಇರುವುದಿಲ್ಲ.

ಇದೇ ಕೆಲಸವನ್ನು ಕಿರುಪರೀಕ್ಷೆಯ ನಂತರವೂ ಮಾಡಬಹುದು. ನಾವು ಕಂಪ್ಯೂಟರಿನಲ್ಲಿ ಅಂಕ ತುಂಬುವುದು ಮೇಲಿನವರಿಗೆ ಕಳಿಸುವುದಕ್ಕೆ. ಒಟ್ಟು, ಸರಾಸರಿ, ಶ್ರೇಣಿ, ಮುಗಿಯಿತು. ಒಂದು ಸಲ ನಿಮಗೋಸ್ಕರ ತುಂಬಿ ನೋಡಿ. ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಪೂರ್ತಿ ಉಚಿತ. ಅದರಲ್ಲಿ ಕ್ಯಾಲ್ಕ್ ತೆರೆಯಿರಿ. ಫೋನಿನಲ್ಲಾದರೆ ಗೂಗಲ್ ಶೀಟ್ಸ್ ಸಾಕು. ಎಡಗಡೆ ಮಕ್ಕಳ ಹೆಸರು, ಮೇಲೆ ಪ್ರಶ್ನೆ ಸಂಖ್ಯೆ. ಒಟ್ಟು ಅಂಕದ ಬದಲು ಪ್ರತಿ ಪ್ರಶ್ನೆಗೆ ಬಂದ ಅಂಕ ಹಾಕಿ. ಅಡ್ಡಸಾಲಿನ ಮೊತ್ತ ಮಗುವಿನ ಕಥೆ ಹೇಳುತ್ತದೆ, ಅದು ನಮಗೆ ಹಳೆಯದು. ಕಂಬಸಾಲಿನ ಮೊತ್ತ ನೋಡಿ. ಏಳನೇ ಪ್ರಶ್ನೆಯ ಕಂಬ ಇಡೀ ತರಗತಿಗೆ ಖಾಲಿಯಾಗಿದ್ದರೆ ಅದು ಮಕ್ಕಳ ತಪ್ಪಲ್ಲ. ಪಾಠ ತಲುಪಿಲ್ಲ, ಇಲ್ಲವೇ ಪ್ರಶ್ನೆಯ ಭಾಷೆಯೇ ಕಠಿಣವಾಗಿದೆ. ಸೊನ್ನೆ ಇರುವ ಮನೆಗಳು ತಾನಾಗಿಯೇ ಕೆಂಪಾಗುವಂತೆ ಮಾಡುವ ಸೌಲಭ್ಯವೂ ಅದರಲ್ಲಿದೆ, ಮಧ್ಯಾಹ್ನದ ಅವಧಿಯಲ್ಲಿ ತೋರಿಸುತ್ತೇನೆ. 35 ಮಕ್ಕಳು, ಹತ್ತು ಪ್ರಶ್ನೆ ಎಂದರೆ 350 ಮನೆ ತುಂಬಬೇಕು. ಒಬ್ಬರು ಓದಿ ಇನ್ನೊಬ್ಬರು ಒತ್ತಿದರೆ ಬೇಗ ಆಗುತ್ತದೆ. ನಿಜ ಹೇಳಬೇಕೆಂದರೆ ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ, ಚೌಕುಳಿ ಹಾಳೆ ಮತ್ತು ಕೆಂಪು ಪೆನ್ನು ಸಾಕು. ಆದರೆ ನಾನು ಸಾಫ್ಟ್‌ವೇರಿನವನು, ನನ್ನ ಅನ್ನ ಅದರಲ್ಲಿದೆ, ಸ್ವಲ್ಪ ಹೇಳಲೇಬೇಕಲ್ಲ.

ಇನ್ನು ಪ್ರಶ್ನೆಪತ್ರಿಕೆಯ ಗೋಳು. ನಿಮ್ಮಲ್ಲಿ ಹಲವರ ಹತ್ತಿರ ಹಳೆಯ ನುಡಿ, ಬರಹಗಳಲ್ಲಿ ಟೈಪು ಮಾಡಿದ ಪತ್ರಿಕೆಗಳ ರಾಶಿಯೇ ಇದೆ. ಅದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೋನು ಕೆಟ್ಟಿಲ್ಲ. ಹಳೆಯ ಪದ್ಧತಿಯಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತವನ್ನೇ. ಮೇಲೆ ಕನ್ನಡದ ಫಾಂಟು ಹೊದಿಸಿದ್ದರಿಂದ ನಮಗೆ ಕನ್ನಡವಾಗಿ ಕಾಣುತ್ತಿತ್ತು. ಆ ಫಾಂಟು ಇಲ್ಲದ ಫೋನಿನಲ್ಲಿ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡದ ಕ, ಖ, ಗ ಎಲ್ಲಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಕೇತ. ಇನ್ನು ಮುಂದೆ ಏನು ಟೈಪು ಮಾಡಿದರೂ ಯೂನಿಕೋಡಿನಲ್ಲೇ ಮಾಡಿ. ಹೊಸ ನುಡಿಯಲ್ಲಿ ಅದಕ್ಕೆ ಅವಕಾಶವಿದೆ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆಯ ವಿನ್ಯಾಸ, ನಿಮ್ಮ ಬೆರಳು ಹೊಸದಾಗಿ ಕಲಿಯಬೇಕಾದ್ದೇನಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ. ಗಣಿತದ ಚಿಹ್ನೆಗಳು ಕಲಸಿಹೋಗುತ್ತವೆ, ಒಮ್ಮೆ ಕಣ್ಣಾಡಿಸಿ.

ಟೈಪು ಮಾಡಲು ಬೇಸರವೇ? ಫೋನಿನ ಗೂಗಲ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿಕೊಂಡು ಮೈಕಿನ ಚಿತ್ರ ಒತ್ತಿ ಹೇಳುತ್ತಾ ಹೋಗಿ, ಅದು ಬರೆದುಕೊಳ್ಳುತ್ತದೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ನಮ್ಮ ಮನೆಮಾತಿಗೆ ತಡವರಿಸುತ್ತದೆ. ಹಾಗೆಯೇ ಹಳೆಯ ಪುಸ್ತಕದ ಒಂದು ಪುಟ ಬೇಕಿದ್ದರೆ ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಿನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಅದರ ಅಕ್ಷರಗಳನ್ನು ಟೈಪು ಮಾಡಿ ಕೊಟ್ಟಿರುತ್ತದೆ. ಡಾಕ್ಸಿನ ಈ ಕೆಲಸ ಕಂಪ್ಯೂಟರಿನಲ್ಲಿ ಮಾಡಬೇಕು. ಒತ್ತಕ್ಷರಗಳಲ್ಲಿ ತಪ್ಪಿರುತ್ತದೆ, ತಿದ್ದಿಕೊಳ್ಳಬೇಕು. ಆದರೂ ಎರಡು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಬರುತ್ತದೆ.

ವಿಜ್ಞಾನದ ಮೇಷ್ಟ್ರುಗಳು "ನಮಗೇನಪ್ಪ?" ಎಂಬಂತೆ ನೋಡುತ್ತಿದ್ದಾರೆ. ನಿಮಗೆ ನನ್ನ ಮೆಚ್ಚಿನದನ್ನು ಉಳಿಸಿಕೊಂಡಿದ್ದೇನೆ. ಫೋನಿನೊಳಗೆ ಮೈಕು, ವೇಗೋತ್ಕರ್ಷ ಅಳೆಯುವ ಸಾಧನ, ಹಲವು ಫೋನುಗಳಲ್ಲಿ ಕಾಂತಕ್ಷೇತ್ರ ಅಳೆಯುವ ಸಾಧನ, ಇಷ್ಟೆಲ್ಲ ಇರುತ್ತವೆ. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು ಇವನ್ನು ಪ್ರಯೋಗಕ್ಕೆ ಬಳಸುವ ಫೈಫಾಕ್ಸ್ ಎಂಬ ಆಪ್ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಜಾಹೀರಾತಿಲ್ಲ, ಒಮ್ಮೆ ಇಳಿಸಿಕೊಂಡರೆ ಪ್ರಯೋಗಕ್ಕೆ ಇಂಟರ್ನೆಟ್ಟೂ ಬೇಡ. ಅದರಲ್ಲಿ ಶಬ್ದ ಕೇಳಿದೊಡನೆ ಓಡುವ, ಮತ್ತೊಂದು ಶಬ್ದ ಕೇಳಿದೊಡನೆ ನಿಲ್ಲುವ ಒಂದು ಸ್ಟಾಪ್‌ವಾಚ್ ಇದೆ.

ನಿನ್ನೆ ಸಂಜೆ ನಮ್ಮ ಮೈದಾನದಲ್ಲಿ ಒಂಬತ್ತನೇ ತರಗತಿಯ ಇಬ್ಬರು ಮಕ್ಕಳ ಜೊತೆ ಇದನ್ನು ಮಾಡಿದೆ. ಎರಡು ಫೋನುಗಳನ್ನು ಹತ್ತು ಮೀಟರ್ ದೂರದಲ್ಲಿ ಇಟ್ಟೆವು. ಮೊದಲ ಫೋನಿನ ಪಕ್ಕದ ಹುಡುಗಿ ಒಂದು ಚಪ್ಪಾಳೆ ತಟ್ಟಿದಳು. ಅವಳ ಫೋನು ತಕ್ಷಣ ಓಡತೊಡಗಿತು, ಆಚೆಯದು ಶಬ್ದ ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ. ಆಮೇಲೆ ಆಚೆಯ ಹುಡುಗ ತಟ್ಟಿದ. ಅವನ ಫೋನು ತಕ್ಷಣ ನಿಂತಿತು, ಅವಳದು ಶಬ್ದ ವಾಪಸು ಬಂದ ಮೇಲೆ. ಅಂದರೆ ಅವಳ ಫೋನು ಅವನದಕ್ಕಿಂತ ಹೆಚ್ಚು ಹೊತ್ತು ಓಡಿದ್ದು ಎಷ್ಟೋ, ಅಷ್ಟು ಹೊತ್ತಿನಲ್ಲಿ ಶಬ್ದ ಹೋಗಿ ಬಂದು 20 ಮೀಟರ್ ಸಾಗಿದೆ. ಮೂರು ಸಲ ಮಾಡಿದೆವು. ವ್ಯತ್ಯಾಸ ಬಂದದ್ದು 0.058, 0.061, 0.057 ಸೆಕೆಂಡು. ಸರಾಸರಿ ತೆಗೆದು 20ನ್ನು ಭಾಗಿಸಿದರೆ ಸೆಕೆಂಡಿಗೆ ಸುಮಾರು 341 ಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ 346 ಎಂದು ಪುಸ್ತಕದಲ್ಲಿದೆ. ಆ ಹುಡುಗಿ, "ಸಾರ್, ಐದು ಕಮ್ಮಿ ಬಂತು, ತಪ್ಪಾಯ್ತಾ?" ಎಂದಳು. ಗಾಳಿಗೆ ಅಳೆದ ಅಳತೆ ಇಷ್ಟು ಹತ್ತಿರ ಬಂದದ್ದೇ ದೊಡ್ಡದು, ಏಕೆ ಕಡಿಮೆ ಬಂತು ಎಂದು ನೀನೇ ಯೋಚಿಸು ಎಂದೆ. ಟೇಪು ಸಡಿಲವಿತ್ತು ಎಂದಳು, ಫೋನಿನಿಂದ ಕೈ ದೂರ ಇತ್ತು ಎಂದು ಅವನು. ಕತ್ತಲಾಗುವವರೆಗೆ ಅಲ್ಲೇ ಇದ್ದೆವು. ನಾನು ಈ ಶಾಲೆಯಲ್ಲಿ ಆ ಅಂಕಿಯನ್ನು ಬಾಯಿಪಾಠ ಮಾಡಿದ್ದೆ, ಅಳೆದಿರಲಿಲ್ಲ.

ಇಷ್ಟೂ ಬೇಡ ಎನ್ನುವವರು ಟಿವಿ ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕು ಹಲವು ಫೋನುಗಳಲ್ಲಿ ಮಿಣಮಿಣ ಎಂದು ಕಾಣುತ್ತದೆ.

ಮೈದಾನಕ್ಕೆ ತರಲಾಗದ ಪ್ರಯೋಗಗಳಿಗೆ ಫೆಟ್ ಇದೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ವಿದ್ಯುತ್ ಮಂಡಲ ಜೋಡಿಸುವುದು, ಪರಮಾಣು ಕಟ್ಟುವುದು, ಭಿನ್ನರಾಶಿಗಳನ್ನು ಚಿತ್ರದಲ್ಲಿ ತುಂಡು ಮಾಡುವುದು, ಎಲ್ಲ ಪರದೆಯ ಮೇಲೆ ಆಟದಂತೆ ಆಡಬಹುದು. ಕೆಲವು ಕನ್ನಡದಲ್ಲೂ ಸಿಗುತ್ತವೆ. ಮನೆಯಲ್ಲಿ ಇಳಿಸಿಟ್ಟುಕೊಂಡು ಬಂದರೆ ಶಾಲೆಯಲ್ಲಿ ಸಿಗ್ನಲ್ ಹುಡುಕಿಕೊಂಡು ಬೇವಿನ ಮರದ ಕೆಳಗೆ ನಿಲ್ಲಬೇಕಿಲ್ಲ. ರೇಖಾಗಣಿತಕ್ಕೆ ಜಿಯೋಜೀಬ್ರಾ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ನಿಂತಿರುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆಪಿನಲ್ಲಿ ಹಿಡಿದರೆ ಬರುವ ವಿಡಿಯೊಗಳು ನಿಮಗೆ ಗೊತ್ತೇ ಇವೆ. ಎಲ್ಲವೂ ಒಂದೇ ಮಟ್ಟದವಲ್ಲ, ಮೊದಲು ನೀವು ಪೂರ್ತಿ ನೋಡಿ, ಬೇಕಾದ ಎರಡು ನಿಮಿಷವನ್ನಷ್ಟೇ ತೋರಿಸಿ. ನಲವತ್ತು ನಿಮಿಷದ ಅವಧಿಯಲ್ಲಿ ಮೂವತ್ತು ನಿಮಿಷ ವಿಡಿಯೊ ಹಾಕಿ ಕೂರುವುದು ಪಾಠವಲ್ಲ, ಟೆಂಟ್ ಸಿನಿಮಾ.

ಪೋಷಕರ ಗುಂಪಿನ ಬಗ್ಗೆ ಎರಡು ಮಾತು. ನಮ್ಮ ಎಷ್ಟೋ ತಾಯಂದಿರಿಗೆ ಓದಲು ಬರುವುದಿಲ್ಲ, ಬಂದರೂ ಉದ್ದದ ಸುತ್ತೋಲೆ ಓದುವುದಿಲ್ಲ. ಅರ್ಧ ನಿಮಿಷದ ಧ್ವನಿಸಂದೇಶ ಕಳಿಸಿ. "ಅಮ್ಮ, ನಿಮ್ಮ ಮಗಳು ಈ ವಾರ ಚೆನ್ನಾಗಿ ಓದಿದಾಳೆ" ಎಂದು ಮೇಷ್ಟ್ರ ದನಿಯಲ್ಲೇ ಕೇಳಿದರೆ ಅದರ ಬೆಲೆಯೇ ಬೇರೆ. ಮಕ್ಕಳ ಅಂಕಪಟ್ಟಿಯನ್ನು ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ. ಕಡಿಮೆ ಅಂಕ ಬಂದ ಮಗುವಿನ ಹೆಸರು ಊರಿನ ಹಾಲಿನ ಡೇರಿಯವರೆಗೆ ಹೋಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಫೋಟೊಗಳೂ ಅಷ್ಟೇ, ಒಬ್ಬೊಬ್ಬರ ಹತ್ತಿರ ಪ್ರತ್ಯೇಕವಾಗಿ ತರಿಸಿಕೊಂಡು ಕೆಲಸವಾದ ಮೇಲೆ ಅಳಿಸಿ. ಎಲ್ಲರಿಗೂ ಬೇರೆ ಬೇರೆಯಾಗಿ ತಲುಪಬೇಕೆಂದರೆ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಆದರೆ ನಿಮ್ಮ ನಂಬರನ್ನು ಅವರು ಉಳಿಸಿಕೊಂಡಿದ್ದರೆ ಮಾತ್ರ ಅದು ಮುಟ್ಟುತ್ತದೆ, ಪೋಷಕರ ಸಭೆಯ ದಿನವೇ ಉಳಿಸಿಕೊಳ್ಳಲು ಹೇಳಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ಹೇಳು ಎಂದು ಚೀಟಿ ಬಂದಿದೆ. ಒಂದೇ ಥರದ ಲೆಕ್ಕಗಳನ್ನು ಬೇರೆ ಬೇರೆ ಅಂಕಿ ಹಾಕಿ ಇಪ್ಪತ್ತು ಮಾಡಿಕೊಡು ಎಂದರೆ ಚೆನ್ನಾಗಿ ಮಾಡಿಕೊಡುತ್ತದೆ. ಉತ್ತರಗಳನ್ನು ನೀವು ಬಿಡಿಸಿ ನೋಡಲೇಬೇಕು, ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಮಕ್ಕಳ ಹೆಸರು, ವಿವರಗಳನ್ನು ಅದಕ್ಕೆ ಕೊಡಬೇಡಿ. ಸದ್ಯಕ್ಕೆ ಇಷ್ಟು ಸಾಕು.

ಆ ಪ್ರೊಜೆಕ್ಟರಿನ ದೀಪಕ್ಕೆ ನಮ್ಮ ಬ್ಯಾಚಿನವರು ಈಗ ದುಡ್ಡು ಸೇರಿಸಿದ್ದೇವೆ, ಮುಂದಿನ ತಿಂಗಳು ಹಾಕಿಸುತ್ತೇವೆ. ವರ್ಷಕ್ಕೆರಡು ಸಲ ಒಬ್ಬರು ಬಂದು, ಏನು ಕೆಟ್ಟಿದೆ, ಏನು ಬೇಕು ಎಂದು ವಿಚಾರಿಸುವುದು ಎಂದೂ ಮಾತಾಡಿಕೊಂಡಿದ್ದೇವೆ. ಮೊದಲ ಸರದಿ ನನ್ನದು. ಮರೆತರೆ ಮುಖ್ಯೋಪಾಧ್ಯಾಯರು ಸಂಕೋಚವಿಲ್ಲದೆ ಫೋನು ಮಾಡಬೇಕು.

ಮಾತು ಸಾಕು. ಲಗ್ನಪತ್ರಿಕೆಗೆ ಅಂಟಿಸಿದ 40 ಕಾರ್ಡುಗಳನ್ನು ತಂದಿದ್ದೇನೆ. ದಯವಿಟ್ಟು ಎಲ್ಲರೂ ಒಂದೊಂದು ತೆಗೆದುಕೊಂಡು ಬೆಂಚುಗಳಲ್ಲಿ ಕೂರಿ. ಗುರುಗಳೇ, ನೀವೂ ಸಹ. ಕಿಟಕಿ ಪಕ್ಕದ ಆ ಬೆಂಚು ಖಾಲಿ ಬಿಡಬೇಡಿ, ಯಾರಾದರೂ ಕೂರಿ. ಮೊದಲ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ, ಪಕ್ಕದವರದು ನೋಡುವ ಹಾಗಿಲ್ಲ.